ಎಲ್ಲರೂ ಎದ್ದು ನಿಂತ ಭಾನುವಾರ

ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಕನಸಿನಲ್ಲಿ ಯಾರಾದರೂ ಮಾತಾಡಿದರೆ ನನಗೆ ಅದು ಎರಡು ಸಲ ಕೇಳಿಸುತ್ತದೆ. ಮೊದಲು ಅವರ ಭಾಷೆಯಲ್ಲಿ. ಆಮೇಲೆ ಅರ್ಧ ಉಸಿರು ತಡವಾಗಿ, ನನ್ನ ದನಿಯಲ್ಲಿ, ಇನ್ನೊಂದು ಭಾಷೆಯಲ್ಲಿ. ಸತ್ತವರು ಬಂದರೂ ಹೀಗೇ. ತಾಯಿ ಬಂದು ಕೊಂಕಣಿಯಲ್ಲಿ ಏನೋ ಬೈಯುತ್ತಾಳೆ, ನಾನು ಅದನ್ನು ಯಾರಿಗೋ ಕನ್ನಡದಲ್ಲಿ ಹೇಳುತ್ತಿರುತ್ತೇನೆ. ಯಾರಿಗೆ ಎಂದು ತಿರುಗಿ ನೋಡಿದರೆ ಬೆಂಚುಗಳು ಖಾಲಿ.

ಸಭೆಯ ಸೇವೆಗೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗಾಗಿ ನನ್ನ ಅನುಭವ ಬರೆದುಕೊಡಬೇಕೆಂದು ಕೇಳಿದ್ದಾರೆ. ಈ ಹುದ್ದೆಗೆ ಕಾಗದದಲ್ಲಿ ‘ಬೈಬಲ್ ಸ್ತ್ರೀ’ ಎಂದು ಹೆಸರು. ಜನರ ಬಾಯಲ್ಲಿ, ಶಾಲೆಯ ಟೀಚರಿಗೆ ಅನ್ನುವ ಹಾಗೆ, ‘ಅಕ್ಕೋರು’. ಮನೆಮನೆಗೆ ಹೋಗುವುದು, ಓದಲು ಬಾರದವರಿಗೆ ಓದಿ ಹೇಳುವುದು, ಕಾಯಿಲೆಯವರ ಹತ್ತಿರ ಕೂರುವುದು, ಹಾಡು ಕಲಿಸುವುದು, ಇವನ್ನೆಲ್ಲ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ದಾಟಿಸುವುದನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ ಇತ್ತು. ಹಾಗಾಗಿ ಅದನ್ನೇ ಬರೆಯುತ್ತೇನೆ. ನೆನಪು ತಾನಾಗಿ ತುಂಬಾ ಒಪ್ಪವಾಗಿ ಜೋಡಿಸಿಕೊಂಡು ಬಂದಲ್ಲೆಲ್ಲ ನಾನೇ ಅದನ್ನು ಸ್ವಲ್ಪ ಕೆಡಿಸಿದ್ದೇನೆ.

ನಮ್ಮ ಸಭೆ ಕಾರವಾರಕ್ಕೂ ಅಂಕೋಲೆಗೂ ನಡುವೆ, ಹಿನ್ನೀರಿನ ದಡದ ಒಂದು ಹಳೆಯ ಗೋದಾಮಿನಲ್ಲಿ ಸೇರುತ್ತಿತ್ತು. ಬಂದವರಲ್ಲಿ ಅರ್ಧ ಜನ ಬಂದರಿನ ಕೆಲಸಕ್ಕೆಂದು ಘಟ್ಟದ ಮೇಲಿನಿಂದ ಇಳಿದ ಕನ್ನಡದವರು. ಇನ್ನರ್ಧ ನೌಕಾನೆಲೆಗೆ ಜಾಗ ಹೋದ ಮೇಲೆ ಚೆಂಡಿಯಾ ಕಡೆಯಿಂದ ಎದ್ದು ಬಂದು ಹೊಸ ಕಾಲನಿಯಲ್ಲಿ ನೆಲೆಯಾದವರು. ಅವರ ಮನೆಮಾತು ಕೊಂಕಣಿ. ನನ್ನ ತಂದೆ ಅಂಕೋಲೆಯವರು, ತಾಯಿ ಚಿತ್ತಾಕುಲದವಳು. ಮನೆಯಲ್ಲಿ ಜಗಳ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತಿತ್ತು. ನನಗಿದ್ದ ಅರ್ಹತೆ ಅಷ್ಟೇ.

ಸಭೆಯನ್ನು ಕಟ್ಟಿದವರು ಪ್ರಭಾಕರ ಪಾದ್ರಿಗಳು. ಮೆಥಡಿಸ್ಟ್ ಮನೆತನದಲ್ಲಿ ಹುಟ್ಟಿದವರಾದ್ದರಿಂದ ಬಾಗಿಲ ಮೇಲೆ ‘ಮೆಥಡಿಸ್ಟ್ ಪ್ರಾರ್ಥನಾಲಯ’ ಎಂದು ಬರೆಸಿದ್ದರು. ಆದರೆ ನಮ್ಮ ಮೇಲೆ ಯಾರೂ ಇರಲಿಲ್ಲ. ಬಿಷಪ್ ಇಲ್ಲ, ಸಭೆಗಳ ಜಿಲ್ಲೆ ಇಲ್ಲ, ಪಾದ್ರಿಯ ವರ್ಗಾವಣೆ ಇಲ್ಲ. ಇಪ್ಪತ್ತು ವರ್ಷ ಇಲ್ಲಿದ್ದರೂ ಪಾದ್ರಿಗಳಿಗೆ ಕೊಂಕಣಿ ಹತ್ತಲಿಲ್ಲ. ಅವರು ಒಂದು ವಾಕ್ಯ ಕನ್ನಡದಲ್ಲಿ ಹೇಳಿ ನಿಲ್ಲಿಸುತ್ತಿದ್ದರು, ನಾನು ಕೊಂಕಣಿಯಲ್ಲಿ ಹೇಳುತ್ತಿದ್ದೆ. ಭರತದ ಹೊತ್ತಿಗೆ, ಉಬ್ಬರ ಏರಿದಾಗ, ನೀರಿನ ಬೆಳಕು ಕಿಟಕಿಯಿಂದ ಹಾಯ್ದು ಹೆಂಚಿನ ಒಳಮೈ ತುಂಬ ಅಲುಗಾಡುತ್ತಿತ್ತು. ಅದರ ಕೆಳಗೆ ಎರಡು ದನಿ, ಒಂದರ ಹಿಂದೆ ಒಂದು. ಅರ್ಧ ಗಂಟೆ ಕಳೆದರೆ ಯಾವುದು ಅವರದು, ಯಾವುದು ನನ್ನದು ಎಂದು ನನಗೇ ಮರೆಯುತ್ತಿತ್ತು. ಒಮ್ಮೊಮ್ಮೆ ಅವರು ಹೇಳುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. ಆಗ ಪಾದ್ರಿಗಳು ಕನ್ನಡಕದ ಮೇಲಿನಿಂದ ನೋಡಿ, “ನೀವು ಮುಂದೆ ಹೋಗಿ, ನಾನು ಹಿಂದಿನಿಂದ ಬರುತ್ತೇನೆ” ಅನ್ನುತ್ತಿದ್ದರು.

ಮೊದಲ ವರ್ಷದ ಒಂದು ಭಾನುವಾರ. ದೋಣಿಯ ಬಲಗಡೆಗೆ ಬಲೆ ಹಾಕಿರಿ ಎಂಬ ಭಾಗದ ಮೇಲೆ ಬೋಧನೆ. ನಾನು ಹೇಳಿ ಮುಗಿಸಿದ್ದೇ ತಡ, ಮೀನಿಗೆ ಹೋಗುವ ಒಬ್ಬ ಮುದುಕರು ಹಿಂದಿನಿಂದ ಕೊಂಕಣಿಯಲ್ಲಿ ಕೇಳಿದರು: “ಬಲಗಡೆ ಅಂದ್ರೆ ಯಾವ ಬಲಗಡೆ, ಅಕ್ಕೋರೆ? ದೋಣಿ ತಿರುಗ್ತದಲ್ಲ?”

“ಏನು ಕೇಳುತ್ತಿದ್ದಾರೆ?” ಎಂದರು ಪಾದ್ರಿಗಳು.

“ದೋಣಿ ತಿರುಗಿದರೆ ಬಲಗಡೆ ಯಾವುದು ಅಂತ.”

ಪಾದ್ರಿಗಳು ಘಟ್ಟದ ಮೇಲಿನವರು, ದೋಣಿ ಹತ್ತಿದರೆ ತಲೆ ತಿರುಗುವವರು. “ನಂಬಿಕೆ ಇರುವ ಕಡೆ ಎಂದು ಹೇಳಿ” ಎಂದರು. ಹೇಳಿದೆ. ಮುದುಕರು ಪಕ್ಕದವರತ್ತ ವಾಲಿ, “ಇವರನ್ನ ದೋಣಿಗೆ ಕರ್ಕಂಡು ಹೋಗೂಕಾಗೂದಿಲ್ಲ” ಎಂದರು. ಅದನ್ನು ನಾನು ದಾಟಿಸಲಿಲ್ಲ.

ದಾಟಿಸದೆ ಬಿಡುವುದು, ಇಲ್ಲವೇ ಮೆತ್ತಗೆ ಮಾಡಿ ದಾಟಿಸುವುದು. ಈ ಕೆಲಸಕ್ಕೆ ಬರುವವರಿಗೆ ಮೊದಲು ಅಂಟುವ ಚಟ ಇದು. ನನಗೆ ಅಂಟಿದ್ದು ರಾಮನಗುಳಿಯಲ್ಲಿ. ಅಲ್ಲಿ ನಮ್ಮವರೊಬ್ಬರ ಅಜ್ಜ ಹಾಸಿಗೆ ಹಿಡಿದಿದ್ದರು. ಪಾದ್ರಿಗಳೂ ನಾನೂ ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆದು ಹೋದೆವು. ಪಾದ್ರಿಗಳು ಬಹಳ ಹೊತ್ತು ಪ್ರಾರ್ಥಿಸಿದರು. ಅಜ್ಜ ಕಣ್ಣು ತೆರೆದು ನನಗೆ ಕೊಂಕಣಿಯಲ್ಲಿ ಹೇಳಿದರು: “ಇವರನ್ನ ಕಳ್ಸು ಮಾರಾಯ್ತಿ. ಹಸಿವಾಗ್ತದೆ. ಇವರು ಹೋಗದೆ ಸೊಸೆ ಗಂಜಿ ಬಡ್ಸೂದಿಲ್ಲ.”

“ಏನಂತೆ?”

“ದಣಿದಿದ್ದಾರಂತೆ, ವಿಶ್ರಾಂತಿ ಬೇಕಂತೆ.”

ಪಾದ್ರಿಗಳ ಮುಖ ಕರಗಿತು. ವಿಶ್ರಾಂತಿಗಾಗಿ ಇನ್ನೊಂದು ಪ್ರಾರ್ಥನೆ ಶುರು ಮಾಡಿದರು, ಮೊದಲಿನದಕ್ಕಿಂತ ಉದ್ದದ್ದು. ಅಜ್ಜ ನನ್ನನ್ನು ನೋಡಿದ ನೋಟ ಈಗಲೂ ಹಾಗೇ ಇದೆ. ಎರಡು ದಿನದ ಮೇಲೆ ಅವರು ತೀರಿಕೊಂಡರು ಎಂದು ಬರೆಯಲು ಹೊರಟಿದ್ದೆ, ಕಥೆಗೆ ಅದು ಚೆನ್ನಾಗಿ ಒಪ್ಪುತ್ತದೆ. ನಿಜ ಹೇಳಬೇಕೆಂದರೆ ಅಜ್ಜ ಗುಣವಾಗಿ ಇನ್ನೂ ಮೂರು ಮಳೆಗಾಲ ಬದುಕಿದರು. ಕಂಡಾಗಲೆಲ್ಲ, “ಗಂಜಿ ಆಯ್ತಾ ಅಕ್ಕೋರೆ?” ಎಂದು ಕೇಳುತ್ತಿದ್ದರು.

ಪ್ರಭಾಕರ ಪಾದ್ರಿಗಳು ತೀರಿಕೊಂಡದ್ದು ಎರಡು ಸಾವಿರದ ಇಸವಿಯ ನಂತರದ ಒಂದು ಚಳಿಗಾಲದಲ್ಲಿ. ಆಮೇಲೆ ನಮಗೆ ಯಾರೂ ಇರಲಿಲ್ಲ. ಭಾನುವಾರ ನಾನೇ ಓದಿ, ನಾನೇ ದಾಟಿಸುತ್ತಿದ್ದೆ. ನನ್ನ ಮಾತಿಗೆ ನಾನೇ ಅರ್ಧ ಉಸಿರು ಹಿಂದೆ. ದೀಕ್ಷಾಸ್ನಾನಕ್ಕೋ ಮದುವೆಗೋ ಎಲ್ಲಿಂದಲೋ ಒಬ್ಬರನ್ನು ಕರೆಸಬೇಕಿತ್ತು. ಆಗ ಹುಟ್ಟಿದ ಮಾತು ಇದು: ಘಟ್ಟದ ಮೇಲಿನ ಮೆಥಡಿಸ್ಟರ ದೊಡ್ಡ ಸಂಘಟನೆಗೆ ನಾವೂ ಸೇರಿಬಿಡೋಣವೇ, ಅಥವಾ ಇದ್ದ ಹಾಗೇ ಸ್ವತಂತ್ರವಾಗಿ ಉಳಿಯೋಣವೇ? ಅದನ್ನು ನಮ್ಮವರು ‘ದೊಡ್ಡ ಸಭೆ’ ಎಂದೇ ಕರೆಯುತ್ತಿದ್ದರು. ಸೇರಿದರೆ ದೀಕ್ಷೆಯಾದ ಪಾದ್ರಿ ಬರುತ್ತಾರೆ, ಮದುವೆಗೆ ಸಭೆಯ ಒಪ್ಪಿಗೆಯ ಚೀಟಿ ಸಿಗುತ್ತದೆ. ಆದರೆ ಪಾದ್ರಿ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಆರಾಧನೆ ಕನ್ನಡದಲ್ಲಿ ಮಾತ್ರ, ಲೆಕ್ಕಪತ್ರ ಅವರ ಕೈಗೆ. ನನ್ನ ಕೆಲಸವೂ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಬರೆದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಸೇರಲೇಬೇಕು ಎಂದವರಲ್ಲಿ ಮುಂದಿನವರು ಸಾಮುವೇಲಪ್ಪ. ಬಂದರಿನಲ್ಲಿ ಕ್ರೇನ್ ನಡೆಸುವವರು, ಮೂಲ ಬೆಳಗಾವಿ ಕಡೆ. ಮಗಳು ರೂತಳಿಗೆ ಧಾರವಾಡದ ಹುಡುಗ ಗೊತ್ತಾಗಿದ್ದ.

“ಅಕ್ಕಾರ, ಬೀಗರು ಕೇಳಾಕತ್ತಾರ್ರಿ, ನಿಮ್ದು ಯಾವ ಸಭಾ, ಯಾರ ಕೈಕೆಳಗ ಐತಿ ಅಂತ. ನಾ ಏನ್ ಹೇಳ್ಲಿ? ಗೋದಾಮಿನ ಕೈಕೆಳಗ ಐತಿ ಅಂತ ಹೇಳ್ಲೇನ್ರಿ?” ಎಂದು ನಗುತ್ತಲೇ ಕೇಳಿದರು. ಚೀಟಿ ಬಾರದಿದ್ದರೆ ಹುಡುಗನ ಮನೆಯವರು ಹಿಂದೆ ಸರಿಯುತ್ತಾರೆ ಎಂಬ ಭಯ ಆ ನಗುವಿನ ಒಳಗೇ ಇತ್ತು.

ಉಳಿಯೋಣ ಎಂದವರಲ್ಲಿ ಹಿರಿಯರು ಚೆಂಡಿಯಾದ ಮಾರ್ತಾಬಾಯಿ. ಕಾಲನಿಯ ಮನೆಯಲ್ಲಿ ಒಬ್ಬರೇ ಇದ್ದು, ಮೀನು ಒಣಗಿಸಿ ಮಾರುತ್ತಿದ್ದರು. ನಾನು ಹೋದಾಗ ಜಗಲಿಯ ಮೇಲೆ ಕೂರಿಸಿ ಹೇಳಿದರು. ಅವರು ಕೊಂಕಣಿಯಲ್ಲೇ ಹೇಳಿದ್ದು. ಇಲ್ಲಿ ಕನ್ನಡ ಮಾಡಿದ್ದು ನಾನು.

“ಜಾಗದ ಕಾಗದ ಓದಿ ಹೇಳ್ದಾಗ ಎಲ್ರೂ ತಲೆ ಆಡ್ಸಿದ್ರು, ನಾನೂ ಆಡ್ಸ್ದೆ. ಓದ್ದವರು ಸರಿಯಾಗೇ ಓದಿರ್ಬೇಕು. ನಾನೇ ಕೇಳ್ಲಿಲ್ಲ, ಪಕ್ಕದವ್ಳ ಮುಖ ನೋಡ್ದೆ. ಎದ್ದು ಬಂದೆ. ಇನ್ನೊಂದ್ಸಲ ಅರ್ಥ ಆಗ್ದೆ ತಲೆ ಆಡ್ಸೂದಿಲ್ಲ, ಅಕ್ಕೋರೆ. ನೀವು ಸರಿ ಹೇಳ್ಬೇಕು.”

“ಹೇಳ್ತೇನೆ ಬಾಯಿ” ಎಂದೆ.

ಎರಡು ವಾರ ಹೀಗೆ ಮನೆಮನೆ ತಿರುಗಿ ಎರಡೂ ಕಡೆಯದನ್ನು ವಿವರಿಸಿದೆ. ಕೊಂಕಣಿ ಮನೆಗಳಲ್ಲಿ ‘ಸ್ವತಂತ್ರವಾಗಿ ಉಳಿಯುವುದು’ ಎನ್ನಲು ನಾನು ಬಳಸಿದ್ದು ‘ರಾವ್’ ಎಂಬ ಮಾತನ್ನು. ಕೊಂಕಣಿಯಲ್ಲಿ ಉಳಿ, ಇರು, ತಾಳು ಎಲ್ಲದಕ್ಕೂ ಅದೇ. ಎದ್ದು ನಿಲ್ಲು ಎನ್ನುವುದಕ್ಕೂ ಅದೇ, ಮುಂದೆ ‘ಉಬೆ’ ಎಂಬ ಪುಟ್ಟ ಮಾತು ಸೇರಿಸಬೇಕು ಅಷ್ಟೆ. ಉಬೆ ರಾವಾ: ಎದ್ದು ನಿಲ್ಲಿ. ಬರೀ ರಾವಾ: ಉಳಿಯಿರಿ. ಹದಿನೈದು ದಿನದಲ್ಲಿ ಕಾಲನಿಯಲ್ಲೆಲ್ಲ ಉಳಿಯುವ ಪಕ್ಷಕ್ಕೆ ಅದೇ ಹೆಸರಾಯಿತು. ನೀವು ಯಾವ ಕಡೆ? ರಾವ್. ಹೆಸರಿಟ್ಟವಳು ನಾನು.

ಗೊತ್ತುಪಡಿಸಿದ ಭಾನುವಾರ ದೊಡ್ಡ ಸಭೆಯ ಮೇಲ್ವಿಚಾರಕರು ಬೆಳಗಿನ ಬಸ್ಸಿಗೆ ಘಟ್ಟ ಇಳಿದು ಬಂದರು. ಒಳ್ಳೆಯ ಮನುಷ್ಯ. ಕರಾವಳಿಯ ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಗಾಳಿ ಇರಲಿಲ್ಲ. ಬೆಳಕು ಹೆಂಚಿನಿಂದ ಇಳಿದು ಎಲ್ಲರ ಮುಖದ ಮೇಲೂ ಆಡುತ್ತಿತ್ತು, ಇಡೀ ಗೋದಾಮು ನೀರಿನ ಕೆಳಗೆ ಇದ್ದ ಹಾಗೆ. ಅವರು ಚೆನ್ನಾಗಿ ಮಾತಾಡಿದರು, ನಾನು ದಾಟಿಸಿದೆ. ಪ್ರಭಾಕರ ಪಾದ್ರಿಗಳ ಹಾಗೆ ಅವರು ವಾಕ್ಯಕ್ಕೊಮ್ಮೆ ನಿಲ್ಲುತ್ತಿರಲಿಲ್ಲ. ಹೊಸ ಪದ್ಧತಿ, ಕೈಯಲ್ಲಿ ಮೈಕು, ಉದ್ದುದ್ದ ಮಾತು. ಅರ್ಧ ಉಸಿರು ಹೋಗಿ ಎರಡು ಉಸಿರು ಹಿಂದೆ ಬಿದ್ದಿದ್ದೆ. ಕೊನೆಗೆ ಅವರು ಹೇಳಿದರು:

“ಕೂಡಿಕೊಳ್ಳಲು ಮನಸ್ಸಿದ್ದವರು ದಯವಿಟ್ಟು ಎದ್ದು ನಿಲ್ಲಬೇಕು.”

ನಾನು ಕೊಂಕಣಿಯಲ್ಲಿ ಹೇಳಿದ್ದು ಎರಡೇ ತುಂಡು. ಮನಸ್ಸಿದ್ದವರು, ರಾವಾ.

‘ಕೂಡಿಕೊಳ್ಳಲು’ ಎಲ್ಲಿ ಹೋಯಿತು, ‘ಉಬೆ’ ಎಲ್ಲಿ ಹೋಯಿತು? ರೈಲಿನ ಸದ್ದಿನಲ್ಲಿ ಮುಚ್ಚಿಹೋಯಿತು ಎಂದು ಬಹಳ ವರ್ಷ ಹೇಳಿಕೊಂಡೆ. ಭಾನುವಾರ ಆ ಹೊತ್ತಿಗೆ ರೈಲೇ ಇರಲಿಲ್ಲ ಎಂದು ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರೊಬ್ಬರು ಆಮೇಲೆ ಹೇಳಿದರು. ಹಿಂದೆ ಬಿದ್ದಿದ್ದರಿಂದ ಮಾತು ಕತ್ತರಿಸಿದೆ ಎಂದೂ ಹೇಳಬಹುದು. ಸಭೆ ಇದ್ದ ಹಾಗೇ ಉಳಿಯಲಿ ಎಂಬ ಆಸೆ ನನ್ನ ನಾಲಿಗೆಯಿಂದ ಜಾರಿತು ಎಂದರೂ ನಾನು ಅಲ್ಲಗಳೆಯಲಾರೆ. ಮೂರನ್ನೂ ನಾನು ಸ್ಪಷ್ಟವಾಗಿ ನೆನಪಿಸಿಕೊಳ್ಳಬಲ್ಲೆ. ತೊಂದರೆ ಅದೇ.

ಮೊದಲು ಸಾಮುವೇಲಪ್ಪ ಎದ್ದರು, ಅವರ ಹಿಂದೆ ಕನ್ನಡದ ಮನೆಗಳವರು. ಕೊಂಕಣಿಯವರು ಒಂದು ಗಳಿಗೆ ನೋಡಿದರು. ಅವರ ಕಿವಿಗೆ ಬಿದ್ದದ್ದು ‘ರಾವಾ’. ಕಣ್ಣಿಗೆ ಕಂಡದ್ದು ಜನ ಎದ್ದು ನಿಲ್ಲುತ್ತಿರುವುದು. ಓಹೋ, ಉಳಿಯುವವರು ನಿಲ್ಲಬೇಕು. ಘಟ್ಟದ ಮೇಲಿನವರೂ ಉಳಿಯುತ್ತಾರಂತೆ! ಮಾರ್ತಾಬಾಯಿ ಎದ್ದರು. ಕಾಲನಿಯವರೆಲ್ಲ ಎದ್ದರು. ಕೂತವರು ಯಾರೂ ಉಳಿಯಲಿಲ್ಲ.

ಮೇಲ್ವಿಚಾರಕರ ಕಣ್ಣು ತುಂಬಿತು. “ಸರ್ವಾನುಮತ” ಎಂದರು, ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. ಬರೆದುಕೊಂಡರು. ಯಾರೋ ಹಾಡು ಎತ್ತಿದರು. ನಾನು ನೋಡಿದ ಆರಾಧನೆಗಳಲ್ಲಿ ಅಷ್ಟು ಚೆಂದದ್ದು ಇನ್ನೊಂದಿಲ್ಲ. ಅಷ್ಟೂ ಜನ ಆ ಅಲುಗುವ ಬೆಳಕಿನಲ್ಲಿ ನಿಂತು ಒಂದೇ ಹಾಡನ್ನು ಎರಡು ಭಾಷೆಯಲ್ಲಿ ಹಾಡುತ್ತಿದ್ದಾರೆ, ತಮ್ಮ ಮಾತೇ ಗೆದ್ದಿತೆಂದು ಎಲ್ಲರಿಗೂ ಸಂತೋಷ, ಎದುರಿನವರು ಒಪ್ಪಿಬಿಟ್ಟರಲ್ಲ ಎಂದು ಅವರ ಮೇಲೆ ಪ್ರೀತಿ. ತಿಂಗಳುಗಟ್ಟಲೆ ಮಾತು ಬಿಟ್ಟವರು ಕೈ ಹಿಡಿದುಕೊಂಡರು. ಮಾರ್ತಾಬಾಯಿ ಬಂದು ನನ್ನ ಮೊಣಕೈ ಹಿಂಡಿದರು.

“ಉಳ್ಕಂಡ್ವಲ್ಲ ಅಕ್ಕೋರೆ, ಉಳ್ಕಂಡ್ವಿ!”

ಎರಡು ಹೆಜ್ಜೆ ಆಚೆ ಸಾಮುವೇಲಪ್ಪ ಯಾರಿಗೋ, “ಕೂಡೀವಿ ನೋಡ್ರಿ, ಎಲ್ಲಾರೂ ಕೂಡೀವಿ” ಅನ್ನುತ್ತಿದ್ದರು. ಎರಡೂ ಮಾತು ಒಟ್ಟಿಗೆ ಕಿವಿಗೆ ಬಿದ್ದ ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಅಲ್ಲಿದ್ದವರಲ್ಲಿ ಗೊತ್ತಾದದ್ದು ನನಗೊಬ್ಬಳಿಗೇ. ಎರಡೂ ಭಾಷೆಯಲ್ಲಿ ಸಂತೋಷವನ್ನು ಕೇಳಿಸಿಕೊಳ್ಳಬಲ್ಲವಳು ನಾನೊಬ್ಬಳೇ ಇದ್ದೆ.

ಹೊರಡುವಾಗ ಮೇಲ್ವಿಚಾರಕರು ಕೈಮುಗಿದು, “ನಿಮ್ಮ ಭಾಷಾಂತರ ಬಹಳ ಸ್ಪಷ್ಟವಾಗಿತ್ತು, ಸಹೋದರಿ. ಬರುವ ತಿಂಗಳು ಕಾಗದ ತರುತ್ತೇನೆ, ಎಲ್ಲರ ರುಜು ಆಗಬೇಕು” ಎಂದರು. ನಾನು ತಲೆಯಾಡಿಸಿದೆ.

ಆ ತಿಂಗಳು ಹೇಗೆ ಕಳೆಯಿತೋ. ಸಾಮುವೇಲಪ್ಪ ಧಾರವಾಡಕ್ಕೆ ಹೋಗಿ ಮದುವೆಯ ಮಾತು ಗಟ್ಟಿ ಮಾಡಿ, ಬರುವಾಗ ನನಗೆಂದು ಕರದಂಟು ತಂದರು. ಕಾಲನಿಯವರು ಗೋದಾಮಿನ ಗೋಡೆಗೆ ತಾವೇ ಸುಣ್ಣ ಹೊಡೆದರು, ಇನ್ನು ಇದು ನಮ್ಮದೇ ಎಂದು. ಎರಡೂ ಕಡೆಯವರು ಎದುರಾದರೆ ನಗುತ್ತಿದ್ದರು. ಆ ನಗುವಿನ ನಡುವೆ ನಾನು ತಲೆಯ ಮೇಲೆ ತುಂಬಿದ ಕೊಡ ಹೊತ್ತವಳ ಹಾಗೆ ನಡೆಯುತ್ತಿದ್ದೆ. ಸುಮ್ಮನಿದ್ದರೆ ಏನಾಗುತ್ತದೆ? ರೂತಳ ಮದುವೆ ಆಗುತ್ತದೆ. ಮಾರ್ತಾಬಾಯಿ, ಅಂದಿನ ಹಾಗೆ ಯಾರದೋ ಮುಖ ನೋಡಿ, ಇನ್ನೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಈ ಸಲ ಅವರು ನೋಡುವ ಮುಖ ನನ್ನದೇ ಆಗಿರುತ್ತದೆ.

ಕಾಗದ ಬರುವ ವಾರ ಕಾಲನಿಗೆ ಹೋದೆ. ಮಾರ್ತಾಬಾಯಿ ಅಂಗಳದಲ್ಲಿ ಸಿಗಡಿ ಹರವುತ್ತಿದ್ದರು. ಎಲ್ಲವನ್ನೂ ಹೇಳಿದೆ, ಒಂದನ್ನೂ ಮೆತ್ತಗೆ ಮಾಡದೆ. ಅವರು ಹರವುವುದನ್ನು ನಿಲ್ಲಿಸಲಿಲ್ಲ.

“ಹಾಗಾದ್ರೆ ನಾನು ಎದ್ದು ನಿಂತು ಸೇರ್ಕಂಡೆ.”

“ಅವರ ಕಾಗದದಲ್ಲಿ ಹಾಗೇ ಇದೆ, ಬಾಯಿ.”

“ದೇವರು ನಿಮಗೆ ಬಾಯಿ ಒಂದು ಕೊಟ್ಟು ನಾಲಿಗೆ ಎರಡು ಕೊಟ್ಟ. ಎರಡ್ರಲ್ಲಿ ಒಂದೂ ನಮ್ಮ ಕೆಲಸಕ್ಕೆ ಬರ್ಲಿಲ್ಲ.” ಇನ್ನೊಂದು ಹಿಡಿ ಸಿಗಡಿ ಹರವಿ ಕೇಳಿದರು: “ಆ ಸಾಮುವೇಲಪ್ಪಗೆ ಹೇಳಿದ್ರಾ?”

“ಇಲ್ಲ.”

“ಹೋಗಿ ಹೇಳಿ. ಮದುವೆ ಅವನ ಮನೇಲಿ. ನನಗೆ ಹೇಳಿ ಅವನಿಗೆ ಬಿಟ್ರೆ ಅದು ಇನ್ನೊಂದು ತಪ್ಪು.”

ಅಲ್ಲಿಂದ ನೇರ ಹೋದೆ. ಸಾಮುವೇಲಪ್ಪ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡರು. ಒಳಗೆ ರೂತ್ ಯಾವುದೋ ಸೀರೆಗೆ ಅಂಚು ಹೊಲಿಯುತ್ತಿದ್ದಳು, ಮಿಷನ್ನಿನ ಸದ್ದು ನಿಂತಿತು.

“ಅಕ್ಕಾರ, ನೀವು ಸುಮ್ನ ಇದ್ದಿದ್ರ ಯಾರಿಗೆ ಏನ್ ಆಗ್ತಿತ್ರಿ?” ಎಂದರು. ಅದರಲ್ಲಿ ಸಿಟ್ಟು ಇರಲಿಲ್ಲ, ನಿಜವಾಗಿಯೂ ಕೇಳಿದ್ದು. ಅವರು ಬಾಗಿಲನ್ನು, ಸದ್ದಾಗದ ಹಾಗೆ, ಮುಂದೆ ಮಾಡಿಕೊಂಡರು.

ಮುಂದೆ ಏನಾಯಿತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಭೆ ಸೇರಲಿಲ್ಲ, ಸ್ವತಂತ್ರವಾಗಿಯೇ ಉಳಿಯಿತು. ಮೇಲ್ವಿಚಾರಕರು ‘ಸರ್ವಾನುಮತ’ ಎಂದು ಬರೆದ ಹಾಳೆಯನ್ನು ಹರಿಯದೆ ಮಡಚಿ ಜೇಬಿನಲ್ಲಿಟ್ಟುಕೊಂಡರು. ಸಾಮುವೇಲಪ್ಪನ ಕುಟುಂಬವನ್ನು ಮಾತ್ರ ಘಟ್ಟದ ಮೇಲಿನ ಒಂದು ಸಭೆಯ ಪಟ್ಟಿಗೆ ಸೇರಿಸಿಕೊಂಡು ಚೀಟಿ ಕೊಡಿಸಿದರು. ಅದಕ್ಕೆ ಸಮಯ ಹಿಡಿಯಿತು, ಮದುವೆ ಮುಂದಿನ ಬೇಸಿಗೆಗೆ ಹೋಯಿತು, ಆದರೆ ಆಯಿತು. ಸಾಮುವೇಲಪ್ಪ ಬಹಳ ಕಾಲ ನನ್ನ ಜೊತೆ ಮಾತಾಡಲಿಲ್ಲ. ನಾನು ಇನ್ನೂ ಕೆಲವು ವರ್ಷ ಕೆಲಸ ಮಾಡಿದೆ. ಜನ ಮೊದಲಿನ ಹಾಗೆ ನನ್ನ ಮುಖ ನೋಡಿ ತಲೆಯಾಡಿಸುವುದನ್ನು ಬಿಟ್ಟರು. ತಿರುಗಿ ಕೇಳುತ್ತಿದ್ದರು, ಇನ್ನೊಮ್ಮೆ ಹೇಳಿ ಅನ್ನುತ್ತಿದ್ದರು. ಈ ಕೆಲಸಕ್ಕೆ ಬರುವವರಿಗೆ ಅದಕ್ಕಿಂತ ಒಳ್ಳೆಯ ಸಭೆ ಸಿಗಲಾರದು.

ಇನ್ನು ಆ ಎರಡನೆಯ ಭಾನುವಾರ. ಮೇಜಿನ ಮೇಲೆ ಕಾಗದ, ಪಕ್ಕದಲ್ಲಿ ಹೆಬ್ಬೆಟ್ಟಿಗೆ ನೀಲಿ ಶಾಯಿಯ ಡಬ್ಬಿ. ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು, ಮೇಲ್ವಿಚಾರಕರೊಬ್ಬರನ್ನು ಬಿಟ್ಟು. ಯಾರೂ ಹಾಡಲಿಲ್ಲ. ನಾನು ಹೇಳಬೇಕಾದ ಮಾತನ್ನು ಎರಡು ಭಾಷೆಯಲ್ಲೂ ಬರೆದುಕೊಂಡು ಬಂದಿದ್ದೆ. ಆ ಹಾಳೆ ಬಿಚ್ಚುವ ಮೊದಲೇ ಮಾರ್ತಾಬಾಯಿ ಎದ್ದು ಮುಂದೆ ಬಂದರು. ನನ್ನತ್ತ ನೋಡದೆ ಅಂಗೈ ಕೆಳಗೆ ಮಾಡಿ ಸನ್ನೆ ಮಾಡಿದರು, ಕೂತ್ಕೋ ಎಂದು. ಕೂತೆ.

ಅವರು ಕನ್ನಡ ಆಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಸಂತೆಯಲ್ಲಿ ಮೀನು ಮಾರುತ್ತ ಕಲಿತದ್ದಿರಬೇಕು. ಗಂಡು ಹೆಣ್ಣು, ಒಬ್ಬರು ಹಲವರು ಎಲ್ಲ ಕಲಸಿಹೋಗಿತ್ತು.

“ಅಯ್ಯಾ, ಆ ದಿನ ನಾವು ನಿಂತದ್ದು ಹೌದು. ಸೇರೂಕೆ ನಿಂತದ್ದಲ್ಲ. ನಿಲ್ಲೂಕೆ ನಿಂತದ್ದು. ಅಕ್ಕೋರು ತಪ್ಪು ಹೇಳಿದ, ನಾವು ತಪ್ಪು ಕೇಳಿದ. ಈ ಸಾಮುವೇಲಪ್ಪನ ಹುಡುಗಿ ಇದ್ದಾನೆ, ಅವನಿಗೆ ಮದುವೆ ಚೀಟಿ ನೀವು ಕೊಡ್ಬೇಕು. ಅದಕ್ಕೆ ಬೇಕಾದ್ರೆ ನಾವು ಎಲ್ಲ ಇನ್ನೊಂದ್ಸಲ ನಿಲ್ತೇವೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತೂದಿಲ್ಲ.”

ಹೇಳಿ ಮುಗಿಸಿ ಅಲ್ಲೇ ನಿಂತರು. ಸಾಮುವೇಲಪ್ಪ ತಲೆ ಎತ್ತಿ ಅವರನ್ನು ನೋಡಿದರು. ನೀರಿನ ಕಡೆಯಿಂದ ಗಾಳಿ ಬಂದು ಮೇಜಿನ ಕಾಗದದ ಅಂಚು ಎತ್ತಿತು. ಮೇಲ್ವಿಚಾರಕರು ಅದರ ಮೇಲೆ ಕೈಯಿಟ್ಟು, ಅಭ್ಯಾಸದಂತೆ ನನ್ನತ್ತ ತಿರುಗಿದರು.

“ಏನು ಹೇಳಿದರು?”

“ಕನ್ನಡದಲ್ಲೇ ಹೇಳಿದರು, ಅಯ್ಯನವರೆ” ಎಂದೆ.